ಸರಿಸಿಟ್ಟ ಬಟ್ಟಲು

"ಕಲಸಿ ಕೊಡಿ ಅಂದೆ."

"ಕಲಸಲ್ಲ ಅಂದೆ."

"ದುಡ್ಡು ಕೊಡೋನು ನಾನು!"

"ತಿನ್ನೋರೂ ನೀವೇ. ಅದಕ್ಕೇ ಹೇಳ್ತಿರೋದು!"

ಬೇಸಿಗೆಯ ಮಟಮಟ ಮಧ್ಯಾಹ್ನ. ಬೀದಿಯಲ್ಲಿ ನಾಯಿಗಳೂ ನೆರಳು ಬಿಟ್ಟು ಕದಲದ ಹೊತ್ತು. ಆದರೆ ನಾಲ್ಕೇ ಮೇಜುಗಳ ಆ ಪುಟ್ಟ ಅಂಗಡಿಯೊಳಗೆ ಹೊರಗಿನ ಬಿಸಿಲನ್ನೂ ಮೀರಿಸುವ ಜಗಳ ನಡೆದಿತ್ತು. ಗಲ್ಲೆಯ ಈಚೆ ಬೆವರಿನಲ್ಲಿ ತೊಯ್ದ ಅಂಗಿಯ ಗಿರಾಕಿ. ಆಚೆ, ಏಪ್ರನ್ ಕಟ್ಟಿ, ಸೊಂಟದ ಮೇಲೆ ಕೈಯಿಟ್ಟು ನಿಂತವಳು ನಮ್ಮ ಪುದೀನ.

ಅದು ಅವಳ ಹುಟ್ಟುಹೆಸರಲ್ಲ ಬಿಡಿ. ಮಾಡಿದ್ದಕ್ಕೆಲ್ಲ ಪುದೀನ ಹಾಕುತ್ತಾಳೆ, ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಗಿರಾಕಿಗಳೇ ಇಟ್ಟ ಹೆಸರು. ಅವಳಿಗೂ ಅದು ಒಳಗೊಳಗೆ ಇಷ್ಟ.

ಆ ಅಂಗಡಿಯಲ್ಲಿ ಬೇಸಿಗೆಗೆ ಸಿಗುತ್ತಿದ್ದದ್ದು ಒಂದೇ ತಿನಿಸು, ಹಣ್ಣು-ಸೊಪ್ಪಿನ ಸಲಾಡ್. ಎಳೆ ಪಾಲಕ್, ಲೆಟ್ಯೂಸ್, ಪುದೀನ. ಅದರ ಮೇಲೆ ಕರಬೂಜ, ಬಿಳಿ ನಾರು ಬಿಡಿಸಿದ ಕಿತ್ತಳೆ ತೊಳೆ, ಕಪ್ಪು ದ್ರಾಕ್ಷಿ. ಪಕ್ಕದ ಪುಟ್ಟ ಲೋಟದಲ್ಲಿ ನಿಂಬೆರಸ, ಜೇನು, ಉಪ್ಪು, ಕಾಳುಮೆಣಸು. ಇವೆರಡೂ ಸೇರಬೇಕಾದದ್ದು ತಿನ್ನುವವರ ಕಣ್ಣೆದುರು, ಅದಕ್ಕಿಂತ ಮೊದಲಲ್ಲ. ಇದು ಪುದೀನಳ ಕಾನೂನು.

"ಈಗಲೇ ಕಲಸಿ ಪಾರ್ಸೆಲ್ ಕೊಟ್ರೆ, ನೀವು ತಲುಪೋ ಹೊತ್ತಿಗೆ ಹಣ್ಣೆಲ್ಲ ನೀರು ಬಿಟ್ಟಿರುತ್ತೆ, ಸೊಪ್ಪು ಒದ್ದೆ ಕರವಸ್ತ್ರ ಆಗಿರುತ್ತೆ. ಆಮೇಲೆ ನಾಲ್ಕು ಜನರ ಹತ್ರ ಆಡ್ಕೊಳ್ಳೋದು ಯಾರನ್ನ? ನನ್ನನ್ನ!"

"ಹಾಗಾದ್ರೆ ಇಲ್ಲೇ ತಿಂತೀನಿ. ಆವಾಗಲಾದ್ರೂ ಕಲಸ್ತೀರೋ, ಇಲ್ವೋ?"

"ಮೊದಲು ಕೂತ್ಕೊಳ್ಳಿ!"

ಅವನು ಮೂಲೆಯ ಮೇಜಿಗೆ ಹೋಗಿ ಕುಳಿತ. ಬಟ್ಟಲು ಬಂತು. ಮೊದಲು ಒಂದು ಎಲೆಯನ್ನಷ್ಟೇ ಬಾಯಿಗಿಟ್ಟು ಕಣ್ಣು ಮುಚ್ಚಿದ. ಆಮೇಲೆ ಹಣ್ಣಿನ ಒಂದು ಹೋಳು. ಆಮೇಲೆ ಎರಡೂ ಒಟ್ಟಿಗೆ.

'ಇದೇನು, ಸೊಪ್ಪು ತಿಂತಿದಾನೋ, ಜಪ ಮಾಡ್ತಿದಾನೋ!' ಎಂದು ಪುದೀನ ಮನಸ್ಸಿನಲ್ಲೇ ಹಲ್ಲು ಕಡಿದಳು.

ಬಟ್ಟಲು ಖಾಲಿಯಾಯಿತು. ಚೆನ್ನಾಗಿದೆ ಎಂಬ ಒಂದು ಮಾತೂ ಅವನ ಬಾಯಿಂದ ಬರಲಿಲ್ಲ. ಬಾಗಿಲವರೆಗೆ ಹೋಗಿ ತಿರುಗಿ ನಿಂತ.

"ನಾಳೆ... ಎಷ್ಟು ಹೊತ್ತಿಗೆ ಅಂಗಡಿ ತೆಗೀತೀರಿ?"

ಹಿಂದೆ ಕುಳಿತು ಕಿತ್ತಳೆ ಸುಲಿಯುತ್ತಿದ್ದ ದೊಡ್ಡಮ್ಮ ಮುಸಿಮುಸಿ ನಕ್ಕರು. "ಮೂಲೆ ಮೇಜಿಗೆ ಇನ್ಮೇಲೆ ಬೇರೆಯವರನ್ನ ಕೂರಿಸ್ಬೇಡ ಕಣೇ."

"ಯಾಕೆ ದೊಡ್ಡಮ್ಮ?"

"ಸುಮ್ನೆ ಹೇಳ್ದೆ ಮಾರಾಯ್ತಿ. ನೀನು ಪಾಲಕ್ ನೋಡು."

ದೊಡ್ಡಮ್ಮ ಎಂದರೆ ತಾಯಿಯ ಅಕ್ಕ. ತಾಯಿ ಇಲ್ಲದ ಪುದೀನಳನ್ನೂ ಅವಳ ಅಕ್ಕನನ್ನೂ ಸಾಕಿದವರು. ಅಕ್ಕನ ಗಂಡ, ಅಂದರೆ ಭಾವ, ದೊಡ್ಡ ಸಮಾರಂಭಗಳಿಗೆ ಊಟ ಮಾಡಿಕೊಡುವವನು. ಅವನ ಅಡುಗೆಮನೆಯಲ್ಲಿ ವರ್ಷಗಟ್ಟಲೆ ದುಡಿದ ಪುದೀನ ಈ ಅಂಗಡಿಯನ್ನು ಹಟ ಹಿಡಿದು ಪಡೆದಿದ್ದಳು. ಭಾವ ಕೊಟ್ಟದ್ದು ಒಂದೇ ಒಂದು ಬೇಸಿಗೆ. "ನಡೆದ್ರೆ ನಿನ್ನದು. ನಡೀಲಿಲ್ಲ ಅಂದ್ರೆ ವಾಪಸ್ ಬಂದು ನನ್ನ ಒಲೆ ಮುಂದೆ ನಿಂತ್ಕೋ," ಎಂದಿದ್ದ.

ಒಳ್ಳೆಯವನೇ. ಆದರೆ ಆ ಅಡುಗೆಮನೆಯಲ್ಲಿ ಪುದೀನ 'ನಮ್ಮ ನಾದಿನಿ' ಆಗಿದ್ದಳು. ಇಲ್ಲಿ ಅವಳು ಅವಳೇ ಆಗಿದ್ದಳು!

ಮಾರನೆಯ ದಿನ ಅವನು ಬಂದ. ಅದರ ಮಾರನೆಯ ದಿನವೂ ಬಂದ.

"ಡಾಕ್ಟ್ರಾ ನೀವು?" ಬೀದಿಯ ಕೊನೆಯ ದೊಡ್ಡ ಆಸ್ಪತ್ರೆಯ ಕಡೆಯಿಂದ ಬರುತ್ತಿದ್ದವನನ್ನು ಪುದೀನ ಕೇಳಿದಳು.

"ಅಯ್ಯೋ, ಇಲ್ಲ. ಅಲ್ಲಿ ಉಗ್ರಾಣದಲ್ಲಿ ಕೆಲಸ."

ಅಷ್ಟೇ ಹೇಳಿದ. ಅಷ್ಟೇ ಸಾಕಾಯಿತು ಅವಳಿಗೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಆಗ ಅವಳಿಗೆ ಯಾರು ಹೇಳಬೇಕಿತ್ತು?

ಸೊಪ್ಪನ್ನು ತಣ್ಣೀರಿನಲ್ಲಿ ನೆನೆಸಿ, ದೊಡ್ಡ ಹತ್ತಿ ಬಟ್ಟೆಯಲ್ಲಿ ಸುತ್ತಿ, ಇಬ್ಬರು ಎರಡು ತುದಿ ಹಿಡಿದು ತೂಗಿ ನೀರು ಹಾರಿಸುವುದು ಅವಳ ಪದ್ಧತಿ. ಭುಜನೋವು ಎಂದು ದೊಡ್ಡಮ್ಮ ಕೂತುಬಿಟ್ಟ ಒಂದು ದಿನ ಅವನು ತಾನಾಗಿಯೇ ಎದ್ದು ಬಂದು ಆ ತುದಿ ಹಿಡಿದ. ನೀರಹನಿಗಳು ಇಬ್ಬರ ಮುಖಕ್ಕೂ ಸಿಡಿದವು. ಪುದೀನ ನಕ್ಕುಬಿಟ್ಟಳು.

"ಮೆಲ್ಲಗೆ! ತೊಟ್ಟಿಲು ತೂಗೋ ಹಾಗೆ ತೂಗ್ಬೇಕು. ಎಲೆಗೆ ಪೆಟ್ಟಾಗ್ಬಾರ್ದು."

"ನಿಮಗೆ ಎಲೆ ಮೇಲೆ ಇರೋ ಕರುಣೆ ಗಿರಾಕಿ ಮೇಲೆ ಇಲ್ಲ."

"ಎಲೆ ಎದುರು ಮಾತಾಡಲ್ಲ, ಅದಕ್ಕೆ!"

ದೊಡ್ಡಮ್ಮನ ಭುಜನೋವು ಯಾಕೋ ಆ ಬೇಸಿಗೆಯಿಡೀ ವಾಸಿಯಾಗಲೇ ಇಲ್ಲ. ದಿನವೂ ಬಟ್ಟೆಯ ಆ ತುದಿ ಅವನದಾಯಿತು. 'ನೀವು' ಎಂಬುದು ಯಾವಾಗ 'ನೀನು' ಆಯಿತೋ ಇಬ್ಬರಿಗೂ ತಿಳಿಯಲಿಲ್ಲ.

ಅವನು ಕೇಳುತ್ತಿದ್ದ, ಅವಳು ಹೇಳುತ್ತಿದ್ದಳು. ಕರಬೂಜ ಹಣ್ಣಾಗಿದೆಯೋ ಇಲ್ಲವೋ ಎಂದು ತೊಟ್ಟಿನ ಜಾಗ ಮೂಸಿ ತಿಳಿಯುವುದು. ಖಾಲಿ ಬಟ್ಟಲಿಗೆ ಮೊದಲು ಕಿತ್ತಳೆ ಸಿಪ್ಪೆಯ ಹೊರಮೈ ಉಜ್ಜುವುದು. ಪುದೀನ ಎಲೆಯನ್ನು ಚಾಕುವಿಗೆ ತೋರಿಸದೆ ಕೈಯಲ್ಲೇ ಹರಿಯುವುದು. ಅಕ್ಕನಿಗೂ ಹೇಳಿರದ ಗುಟ್ಟುಗಳನ್ನೆಲ್ಲ ಅವಳು ಅವನ ಮುಂದೆ ಸುರಿದಳು.

ಮನಸ್ಸೂ ಹಾಗೆಯೇ. ಅದನ್ನು ಸುರಿದದ್ದನ್ನು ಮಾತ್ರ ಬಾಯಿ ಬಿಟ್ಟು ಹೇಳಿರಲಿಲ್ಲ.

ಒಂದು ಮಧ್ಯಾಹ್ನ ಫೋನ್ ಬಂತು. ಮಾತು ಮುಗಿಸಿದ ಪುದೀನ ಗಲ್ಲೆಯ ಆಚೆಯಿಂದ ಜಿಗಿದೇ ಬಂದಳು.

"ಆಸ್ಪತ್ರೆಯಿಂದ! ಈ ಬೇಸಿಗೆಗೆ ಅಲ್ಲಿನ ಸಿಬ್ಬಂದಿಗೆಲ್ಲ ದಿನಾ ಸಲಾಡ್ ಬೇಕಂತೆ. ಆಯ್ದ ಕೆಲವು ಅಂಗಡಿಯವರನ್ನ ಮಾತ್ರ ಕರೆದಿದಾರಂತೆ. ಮೂರು ಜನ ರುಚಿಗಾರರು ತಿಂದು ನೋಡಿ ಆರಿಸ್ತಾರಂತೆ. ದೊಡ್ಡಮ್ಮಾ, ನಮ್ಮನ್ನೂ ಕರೆದಿದಾರೆ!"

ಮೂಲೆ ಮೇಜಿನಲ್ಲಿ ಕುಳಿತಿದ್ದವನ ಮುಖ ಯಾಕೋ ಪೆಚ್ಚಾಯಿತು. "ನಾನೂ... ನಿನಗೆ ಒಂದು ವಿಷಯ ಹೇಳ್ಬೇಕಿತ್ತು."

"ಆಮೇಲೆ ಹೇಳು! ಗೊತ್ತಾ ನಿನಗೆ, ಯಾರ ಶಿಫಾರಸೂ ಇಲ್ಲ. ಭಾವನ ಹೆಸರೂ ಇಲ್ಲ. ಬರೀ ನನ್ನ ಕೈಗುಣ ನೋಡಿ ಕರೆದಿದಾರೆ. ಇದೊಂದು ಸಿಕ್ಕಿಬಿಟ್ರೆ ಅಂಗಡಿ ಉಳೀತು!"

ಅವಳ ಕಣ್ಣು ತುಂಬಿತ್ತು. ಅವನು ಬಾಯಿಗೆ ಬಂದ ಮಾತನ್ನು ನುಂಗಿಕೊಂಡ. ಹೇಡಿತನ ಎನ್ನಿ, ಪ್ರೀತಿ ಎನ್ನಿ... ಅವತ್ತು ಅವನು ಹೇಳಬೇಕಿತ್ತು. ಹೇಳಲಿಲ್ಲ.

ರುಚಿ ನೋಡುವ ದಿನ ಬಂತು.

ಆಸ್ಪತ್ರೆಯ ಊಟದ ಮನೆಯ ಹಿಂದೆ ಬಿಳಿ ಗೋಡೆಯ ತಣ್ಣನೆಯ ಕೋಣೆ. ಬಾಗಿಲ ಬಳಿಯೇ ಎಚ್ಚರಿಕೆ ಹೇಳಿದರು. ಒಳಗೆ ಯಾರೂ ಮಾತಾಡುವಂತಿಲ್ಲ. ಒಬ್ಬರ ಮಾತು ಇನ್ನೊಬ್ಬರ ನಾಲಿಗೆ ಕೆಡಿಸಬಾರದು. ಎಲ್ಲ ಬಟ್ಟಲುಗಳ ರುಚಿ ನೋಡಿ ಮುಗಿಯುವವರೆಗೆ ಎಲ್ಲರ ಬಾಯಿಗೂ ಬೀಗ.

ಪುದೀನ ತನ್ನ ತಟ್ಟೆ ಹಿಡಿದು ಒಳಗೆ ಕಾಲಿಟ್ಟಳು. ಉದ್ದನೆಯ ಮೇಜು. ನಡುವೆ ಬೆಳ್ಳಿಕೂದಲಿನ ಒಬ್ಬ ಹೆಂಗಸು. ಒಂದು ಪಕ್ಕ ಕನ್ನಡಕದ ಗಂಡಸು. ಇನ್ನೊಂದು ಪಕ್ಕ...

ಅವನು!

'ಉಗ್ರಾಣ ಅಂದಿದ್ದ... ಉಗ್ರಾಣ! ರುಚಿಗಾರನಾ ಇವನು? ಹಾಗಾದ್ರೆ ದಿನಾ ಬಂದು ಎಲೆ ಎಲೆ ಬಿಡಿಸಿ ತಿಂದದ್ದು...'

ಕಣ್ಣಿನಲ್ಲೇ ಅವನನ್ನು ಕೇಳಿದಳು. ಅವನು ಕಣ್ಣು ತಪ್ಪಿಸಿದ.

ಎದೆಯೊಳಗೆ ಏನೋ ಕುಸಿಯಿತು. ಆದರೂ, ನಿಮಗೆ ಸುಳ್ಳು ಹೇಳುವುದೇಕೆ, ಅದರ ಬೆನ್ನಿಗೇ ಒಂದು ಹುಚ್ಚು ಆಸೆಯೂ ಚಿಗುರಿತು. 'ಇರಲಿ. ನನ್ನ ಸಲಾಡ್ ಅವನಿಗೆ ಗೊತ್ತು. ಒಂದು ತುತ್ತು ತಿಂದ್ರೆ ಸಾಕು, ಅವನ ಮುಖವೇ ಹೇಳುತ್ತೆ.'

ಅವಳಿಗಿಂತ ಮೊದಲಿನ ಅಂಗಡಿಯವನ ಬಟ್ಟಲಿನಲ್ಲಿ ಕೆನೆಯಲ್ಲಿ ಮುಳುಗಿದ ಹಣ್ಣು. ರುಚಿಗಾರನಾಗಿ ಕುಳಿತಿದ್ದ ಅವನು ಅದನ್ನು ನಿಧಾನವಾಗಿ, ಮರ್ಯಾದೆಯಿಂದ ತಿಂದ. ಚಮಚ ಒರೆಸಿಟ್ಟ.

ಈಗ ಪುದೀನಳ ಸರದಿ. ಮೂವರ ಕಣ್ಣೆದುರೇ ರಸ ಸುರಿದು, ಎರಡು ಚಮಚಗಳಲ್ಲಿ ಮೆಲ್ಲಗೆ ಮೇಲೆಕೆಳಗೆ ಮಾಡಿ, ಮೂರು ಬಟ್ಟಲು ಮುಂದಿಟ್ಟಳು. ಎಲೆಗಳು ಗರಿಗರಿಯಾಗಿ ನಿಂತಿದ್ದವು. ಕೋಣೆಗೆಲ್ಲ ಕಿತ್ತಳೆಯ ಪರಿಮಳ ಹಬ್ಬಿತು.

ಅವನು ಬಟ್ಟಲನ್ನು ನೋಡಿದ. ಚಮಚ ಮುಟ್ಟಲಿಲ್ಲ. ಎರಡು ಬೆರಳುಗಳಿಂದ ಬಟ್ಟಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ. ಕೈ ಕಟ್ಟಿಕೊಂಡು, ತಲೆ ತಗ್ಗಿಸಿ ಕುಳಿತ.

ತಿನ್ನಲೇ ಇಲ್ಲ.

ಬೆಳ್ಳಿಕೂದಲಿನಾಕೆ ಹುಬ್ಬೇರಿಸಿದರು. ಕನ್ನಡಕದವನು ಅವನನ್ನೊಮ್ಮೆ, ಇವಳನ್ನೊಮ್ಮೆ ನೋಡಿದ. ಗೋಡೆಗೆ ಒರಗಿ ನಿಂತಿದ್ದ ಬೇರೆ ಅಂಗಡಿಯವರೆಲ್ಲ ನೋಡಿದರು. ಪುದೀನಳ ಕಿವಿ ಸುಟ್ಟುಹೋದಂತಾಯಿತು.

'ಮುಟ್ಟೋಕೂ ಅಸಹ್ಯವಾಯ್ತಾ? ಎಲ್ಲರ ಎದುರು?'

ಆಮೇಲೆ ಮಾಡಿದ್ದನ್ನು ಅವಳು ಯೋಚಿಸಿ ಮಾಡಲಿಲ್ಲ. ಉಳಿದಿಬ್ಬರು ಚಮಚ ಎತ್ತುವಷ್ಟರಲ್ಲಿ ಮೂರೂ ಬಟ್ಟಲುಗಳನ್ನು ಬಾಚಿ ತಟ್ಟೆಗೆ ಹಾಕಿಕೊಂಡಳು. ಬೆಳ್ಳಿಕೂದಲಿನಾಕೆ ತಡೆಯಲು ಕೈ ಎತ್ತಿದರು. ಪುದೀನ ಆಗಲೇ ಬಾಗಿಲು ದಾಟಿದ್ದಳು.

ಸಂಜೆ ಸುದ್ದಿ ಬಂತು. ಆರ್ಡರ್ ಕೆನೆಹಣ್ಣಿನವರಿಗೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಅವನೂ ಬಂದ. ಓಡಿಯೇ ಬಂದಿರಬೇಕು, ಉಸಿರು ಏರಿತ್ತು.

"ಒಂದೇ ಒಂದು ಮಾತು ಕೇಳು..."

"ಅಂಗಡಿ ಮುಚ್ಚಿದೆ. ನಿಮಗೆ ಏನು ಬೇಕಾಗಿತ್ತು?"

"ನೀವು ಅಂತೀಯಾ ನನ್ನ?"

"ಗೊತ್ತಿಲ್ಲದವರನ್ನ ನೀವು ಅಂತಲೇ ಅನ್ನೋದು." ಅವಳ ದನಿ ತಣ್ಣಗಿತ್ತು. ಅಳುತ್ತಿದ್ದರೆ ಅವನಿಗೆ ಅಷ್ಟು ಭಯವಾಗುತ್ತಿರಲಿಲ್ಲ. "ಒಂದು ಹೇಳಿ. ಮೊದಲ ದಿನ ಕಲಸಿ ಕೊಡಿ ಅಂತ ಜಗಳ ಆಡಿದ್ರಲ್ಲ. ಅದೂ ಪರೀಕ್ಷೆನಾ?"

ಸುಳ್ಳು ಹೇಳಬಹುದಿತ್ತು. ಅವನು ಹೇಳಲಿಲ್ಲ.

"ಹೌದು. ಎಲ್ಲ ಅಂಗಡಿಗಳಲ್ಲೂ ಹಾಗೆ ಕೇಳ್ತೀವಿ. ಗಿರಾಕಿ ಹೇಳಿದ ಅಂತ ಮಾಡಿದ್ದನ್ನ ಕೆಡಿಸಿ ಕೊಡೋರು ಯಾರು, ಕೊಡದೇ ಇರೋರು ಯಾರು ಅಂತ ನೋಡೋಕೆ."

"ಆಮೇಲೆ ದಿನಾ ಬಂದದ್ದು? ಬಟ್ಟೆ ಹಿಡಿದದ್ದು? ಅದು ಯಾಕೆ, ಇದು ಹೇಗೆ ಅಂತ ಕೇಳಿದ್ದು?"

"ಅದು..."

"ಬೇಡ! ಈಗ ಏನು ಹೇಳಿದ್ರೂ ನಾನು ನಂಬೋಕಾಗಲ್ಲ. ಹಾಗೆ ಮಾಡಿಟ್ಟಿದೀರ ನೀವು. ಇನ್ನು ಈ ಬಾಗಿಲಿಗೆ ಬರಬೇಡಿ."

ಶಟರ್ ದಡಾರನೆ ಇಳಿಯಿತು. ಅದರ ಹಿಂದೆ ನೆಲಕ್ಕೆ ಕುಸಿದು ಕುಳಿತ ಪುದೀನ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಆಚೆ ನಿಂತವನಿಗೆ ಕೇಳಿಸಬಾರದು, ಅಷ್ಟೇ ಅವಳಿಗೆ ಬೇಕಿದ್ದದ್ದು.

ಅಂದಿನಿಂದ ಮೂಲೆಯ ಮೇಜು ಖಾಲಿ. ಬಟ್ಟೆಯ ಆ ತುದಿಯನ್ನು ಪುದೀನ ಕಿಟಕಿಯ ಸರಳಿಗೆ ಕಟ್ಟಿ ಒಬ್ಬಳೇ ತೂಗತೊಡಗಿದಳು. ಎಲೆಗಳೆಲ್ಲ ಒಂದೇ ಕಡೆ ಜಾರಿ ಜಜ್ಜಿಹೋಗುತ್ತಿದ್ದವು.

ಮೋಸ ಹೋದವರ ಕಷ್ಟ ನಿಮಗೆ ಗೊತ್ತಲ್ಲ? ಹಳೆಯದೊಂದೂ ಮೊದಲಿನಂತೆ ಉಳಿಯುವುದಿಲ್ಲ. ಅವನು ನಕ್ಕ ಪ್ರತಿಯೊಂದು ನಗೆಯನ್ನೂ ಪುದೀನ ಮತ್ತೆ ಹೊರತೆಗೆದು ತಿರುವಿ ನೋಡಿದಳು. 'ಕರಬೂಜ ಮೂಸೋದು ಹೇಗೆ ಅಂತ ಕೇಳಿದನಲ್ಲ, ಅವತ್ತು ನನ್ನ ಕೈ ಹಿಡಿದಿದ್ದ... ಅದು ನನಗಾಗಿಯೋ, ಕರಬೂಜಕ್ಕಾಗಿಯೋ?' ಯಾವುದಕ್ಕೂ ಉತ್ತರವಿರಲಿಲ್ಲ. ಆರ್ಡರ್ ಹೋದದ್ದಕ್ಕಿಂತ ಅದೇ ಹೆಚ್ಚು ಸುಡುತ್ತಿತ್ತು. ಅಂಗಡಿ ಹೋದರೆ ಭಾವನ ಅಡುಗೆಮನೆಯಾದರೂ ಇತ್ತು. ಅವನು ಒಂದೇ ಒಂದು ದಿನವಾದರೂ ನಿಜವಾಗಿ ಅವಳಿಗಾಗಿ ಬಂದಿದ್ದನೇ? ಇದು ತಿಳಿಯದೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ.

"ಉಂಡ ಮನೆಗೆ ಎರಡು ಬಗೆದ ಅವನು!" ಎಂದಳು ಒಂದು ದಿನ.

ದೊಡ್ಡಮ್ಮ ದ್ರಾಕ್ಷಿ ಬಿಡಿಸುತ್ತ ಹೇಳಿದರು, "ಬಗೆದನೋ ಇಲ್ವೋ ಗೊತ್ತಿಲ್ಲ. ಆದ್ರೆ ಬಟ್ಟಲು ಎತ್ಕೊಂಡು ಬಂದವಳು ನೀನು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತಾ?"

"ನೀವೂ ಅವನ ಕಡೆನಾ ದೊಡ್ಡಮ್ಮ?"

"ನಾನು ನಿನ್ನ ಕಡೆನೇ ಕಣೇ. ನಿನ್ನ ಕಡೆ ಇರೋರೇ ಇಂಥದ್ದು ಹೇಳ್ಬೇಕು. ಬೇರೆಯವರಿಗೇನು, ಹೌದೌದು ಅಂದು ಹೋಗ್ತಾರೆ."

ಮರುದಿನ ಮಧ್ಯಾಹ್ನ ಅಂಗಡಿಯ ಮುಂದೆ ಒಂದು ಕೊಡೆ ಬಂದು ನಿಂತಿತು. ಅದರ ಕೆಳಗಿದ್ದವರು ಬೆಳ್ಳಿಕೂದಲಿನ ಆ ಹೆಂಗಸು!

"ನನ್ನ ಎದುರಿನ ಬಟ್ಟಲು ಕಿತ್ಕೊಂಡು ಹೋದ ಹುಡುಗಿ ನೀನೇ ಅಲ್ವಾ? ಇಷ್ಟು ವರ್ಷದಲ್ಲಿ ಒಬ್ಬರೂ ಹಾಗೆ ಮಾಡಿರಲಿಲ್ಲ. ತಟ್ಟೆ ಮುಂದಿಂದ ಏಳಿಸಿದ ಹಾಗಾಯ್ತು ನನಗೆ. ಈಗ ಅದನ್ನ ಮಾಡಿಕೊಡು, ತಿನ್ನೋಕೇ ಬಂದಿದೀನಿ."

ಪುದೀನ ಏಪ್ರನ್ ಬಿಗಿದು ಕಟ್ಟಿಕೊಂಡಳು. ಗಿರಾಕಿ ಗಿರಾಕಿಯೇ.

ಕೆಲಸ ಶುರು ಮಾಡಿದಳು. ತಣ್ಣೀರಿನಿಂದ ಎಲೆಗಳನ್ನು ಎತ್ತಿದಳು. ಬಟ್ಟೆಗೆ ಸುರಿದಳು. ಕಿಟಕಿಯ ಕಡೆ ನೋಡಿದಳು. "ಕೊಡು ಇತ್ತ," ಎಂದು ದೊಡ್ಡಮ್ಮ ಎದ್ದು ಬಂದು ತುದಿ ಹಿಡಿದರು. ಭುಜಕ್ಕೆ ಏನೂ ಆಗಿರಲಿಲ್ಲ ಎಂಬುದು ಆಗ ಪುದೀನಳಿಗೆ ತಿಳಿಯಿತು! ಕಿತ್ತಳೆ ಸಿಪ್ಪೆಯನ್ನು ಬಟ್ಟಲಿಗೆ ಉಜ್ಜಿದಳು. ಕರಬೂಜವನ್ನು ಬೆರಳಷ್ಟು ದಪ್ಪ ಹೋಳು ಮಾಡಿದಳು. ದ್ರಾಕ್ಷಿ ಸೀಳಿ ಬೀಜ ತೆಗೆದಳು. ಪುದೀನ ಹರಿದು ಉದುರಿಸಿದಳು. ತೊಳೆ ಬಿಡಿಸಿ, ನಾರಿಗೆ ಅಂಟಿಕೊಂಡಿದ್ದ ಕಿತ್ತಳೆ ತಿರುಳನ್ನು ಹಿಂಡಿ ನಿಂಬೆ-ಜೇನಿಗೆ ಸೇರಿಸಿದಳು. ಮೇಜಿನ ಬಳಿ ನಿಂತೇ ರಸ ಸುರಿದು ಕಲಸಿದಳು.

ಮುದುಕಿ ಕೊನೆಯ ಎಲೆಯವರೆಗೂ ತಿಂದರು. ತುಟಿ ಒರೆಸಿಕೊಂಡರು.

"ಆರ್ಡರ್ ನಿನ್ನದೇ ಆಗ್ತಿತ್ತು."

ಪುದೀನ ಖಾಲಿ ಬಟ್ಟಲನ್ನು ಎತ್ತಿಕೊಂಡಳು. "ಆಗ್ತಿತ್ತು... ಅವರು ಬಟ್ಟಲು ದೂಕದೇ ಇದ್ದಿದ್ರೆ."

"ದೂಕಿದನಾ? ಅಯ್ಯೋ ಹುಚ್ಚು ಹುಡುಗಿ! ಅದನ್ನ ನೀನು ಹಾಗೆ ತಿಳ್ಕೊಂಡ್ಯಾ?"

"ಇನ್ನು ಹೇಗೆ ತಿಳ್ಕೊಳ್ಬೇಕು?"

"ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ. ತಾಯಿ ಮಾಡಿದ್ದು, ಹೆಂಡತಿ ಮಾಡಿದ್ದು, ಮಗಳು ಮಾಡಿದ್ದು, ಮನಸ್ಸಿಗೆ ಅಂಟಿದ ಯಾರು ಮಾಡಿದ್ದೇ ಆಗ್ಲಿ, ಅದನ್ನ ನಾವು ರುಚಿ ನೋಡಬಾರ್ದು. ನಾಲಿಗೆ ಸುಳ್ಳು ಹೇಳುತ್ತೆ. ಮಾತಾಡೋ ಹಾಗಿಲ್ವಲ್ಲ, ಅದಕ್ಕೆ ಬಟ್ಟಲನ್ನ ಪಕ್ಕಕ್ಕೆ ಸರಿಸ್ತೀವಿ. ಇದು ನನ್ನವರದು, ನನ್ನನ್ನ ಬಿಟ್ಟುಬಿಡಿ, ನೀವಿಬ್ಬರು ನೋಡಿ ಹೇಳಿ ಅಂತ ಅದರರ್ಥ. ನಾನು ನನ್ನ ತಂಗಿಯ ಬಟ್ಟಲು ಸರಿಸಿದ್ದೆ ಒಂದ್ಸಲ. ಈ ಹುಡುಗ ಸರಿಸಿದ್ದು ಇದೇ ಮೊದಲು."

ಮುದುಕಿ ಮೇಜಿನ ಮೇಲೆ ಕೈಯೂರಿ ಮುಂದೆ ಬಾಗಿದರು.

"ಎಲ್ಲ ಮುಗಿದ ಮೇಲೆ ಕೇಳ್ದೆ, ಯಾರಪ್ಪ ಅವಳು ನಿನಗೆ ಅಂತ. ತಂಗಿನಾ, ನೆಂಟಳಾ? ಅವನು ಏನಂದ ಗೊತ್ತಾ?"

"ಏನಂದ?" ಕೇಳಿದ್ದು ದೊಡ್ಡಮ್ಮ.

"'ಅವಳಿಗೇ ಇನ್ನೂ ಹೇಳಿಲ್ಲ ಮೇಡಂ' ಅಂದ."

ಪುದೀನ ಕೈಯಲ್ಲಿದ್ದ ಖಾಲಿ ಬಟ್ಟಲನ್ನು ಮತ್ತೆ ಮೇಜಿನ ಮೇಲಿಟ್ಟಳು.

ಮುದುಕಿ ಕೊಡೆ ಎತ್ತಿಕೊಂಡು ಎದ್ದರು. "ಎದ್ದುಹೋದವರನ್ನ ಈ ಬೇಸಿಗೆ ಮತ್ತೆ ಕರೆಯೋ ಹಾಗಿಲ್ಲ, ಅದು ನನ್ನ ಕೈಯಲ್ಲಿಲ್ಲ. ಅವನು ಯಾರು ಅಂತ ನಿನಗೆ ಮುಚ್ಚಿಟ್ಟದ್ದು ತಪ್ಪೇ, ಅದಕ್ಕೆ ನಾನು ವಕಾಲತ್ತು ವಹಿಸಲ್ಲ. ತಿನ್ನೋದು ಬಾಕಿ ಇತ್ತು, ತಿಂದೆ. ಹೇಳೋದು ಬಾಕಿ ಇತ್ತು, ಹೇಳ್ದೆ. ಬರ್ತೀನಮ್ಮ."

ಈಗ ಅವಳ ಸಿಟ್ಟು ಇಳಿದಿರಬೇಕು ಎಂದುಕೊಂಡಿರಾ? ಪುದೀನಳನ್ನು ನೀವಿನ್ನೂ ಸರಿಯಾಗಿ ಅರಿತಿಲ್ಲ. ಇನ್ನೂ ಏರಿತು!

"ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಾಗಿತ್ತು ದೊಡ್ಡಮ್ಮ! ಆ ಕನ್ನಡಕದವರಿಗೂ ಗೊತ್ತಾಗಿತ್ತು! ನನಗೊಬ್ಬಳಿಗೆ ಗೊತ್ತಿಲ್ಲ! ನನ್ನ ವಿಷಯ, ನನಗೇ!" ಎನ್ನುತ್ತ ಪಾಲಕ್ ಕಂತೆಯನ್ನು ಹಲಗೆಗೆ ಬಡಿದಳು.

"ಸೊಪ್ಪಿನ ಮೇಲೆ ಯಾಕೆ ತೀರಿಸ್ಕೋತೀಯಾ? ಅದೇನು ಮಾಡಿದೆ? ಬೈಯೋದಿದ್ರೆ ಎದುರಿಗೆ ಹೋಗಿ ಬೈದು ಬಾ. ಅಂಗಡಿ ನಾನು ನೋಡ್ಕೋತೀನಿ."

ಮರುದಿನ ಬೆಳಗ್ಗೆ ಆಸ್ಪತ್ರೆಯ ಹಿಂಬಾಗಿಲಿನಲ್ಲಿ ತರಕಾರಿ ಲಾರಿಗಳು ಸಾಲುಗಟ್ಟಿದ್ದವು. ಮೂಟೆ ಹೊರುವವರ ಕೂಗಾಟ, ಒದ್ದೆ ನೆಲ, ಎಲ್ಲೆಲ್ಲೂ ಕೊತ್ತಂಬರಿ ಘಮ. ಅದರ ನಡುವೆ ತೋಳು ಮಡಿಚಿಕೊಂಡು ಕ್ರೇಟುಗಳ ಎಲೆ ತಿರುವಿ ನೋಡುತ್ತಿದ್ದ ಅವನು. ಗಡ್ಡ ಬೆಳೆದಿತ್ತು. ಕಣ್ಣು ಒಳಗೆ ಹೋಗಿತ್ತು.

ಪುದೀನ ಅದನ್ನೆಲ್ಲ ನೋಡಿದಳು. 'ಬೇಡ, ಈಗಲೇ ಕರಗಬೇಡ,' ಎಂದು ತನಗೆ ತಾನೇ ಗದರಿಸಿಕೊಂಡು ನೇರ ಎದುರಿಗೆ ಹೋಗಿ ನಿಂತಳು.

ಅವನ ಕೈಯಿಂದ ಲೆಟ್ಯೂಸ್ ಜಾರಿ ಬಿತ್ತು.

"ನೀ... ನೀವು ಇಲ್ಲಿ?"

"ನಿಮ್ಮ ಮೇಡಂ ಬಂದಿದ್ರು. ಬಟ್ಟಲು ಸರಿಸೋದರ ಅರ್ಥ ಹೇಳಿದ್ರು."

ಅವನು ತಲೆ ತಗ್ಗಿಸಿದ. "ನಾನು ಹೇಳಿದ್ರೆ ನೆಪ ಹುಡುಕಿದ ಹಾಗಾಗ್ತಿತ್ತು. ಅದಕ್ಕೇ..."

"ನೆಪ ಅಂದುಕೊಳ್ಳೋದು ಬಿಡೋದು ನನಗೆ ಬಿಟ್ಟದ್ದು! ಮೊದಲೇ ಹೇಳಿದ್ರೆ ನಾನೇ ಹೇಳ್ತಿದ್ದೆ, ನೀವು ಅವತ್ತು ಆ ಕೋಣೆಗೇ ಬರಬೇಡಿ ಅಂತ. ನನ್ನ ಕೈಮೇಲೆ ನನಗೆ ಅಷ್ಟು ನಂಬಿಕೆ ಇತ್ತು. ನಿಮಗೆ ಇರಲಿಲ್ಲ."

"ನಂಬಿಕೆ ಇತ್ತು. ಧೈರ್ಯ ಇರಲಿಲ್ಲ." ಅವನ ದನಿ ಒಡೆಯಿತು. "ಪಟ್ಟಿಗೆ ನಿಮ್ಮ ಅಂಗಡಿ ಸೇರಿಸಿದ್ದು ನಾನು, ಮೊದಲ ದಿನದ ರುಚಿ ನೋಡಿ. ಕೆಲಸ ಅವತ್ತೇ ಮುಗಿದಿತ್ತು. ಮಾರನೇ ದಿನ ಯಾರೂ ಕಳಿಸಲಿಲ್ಲ ನನ್ನ. ಕೈಗುಣ ನೋಡಿ ಕರೆದಿದಾರೆ ಅಂತ ನೀವು ಕುಣಿದ್ರಲ್ಲ... ಆಗ ನಾನೇ ಕರೆಸಿದ್ದು ಅಂದ್ರೆ ಆ ಸಂತೋಷ ಎಲ್ಲಿ ಒಡೆದುಹೋಗುತ್ತೋ ಅಂತ ಹೆದರಿದೆ. ತಪ್ಪಾಯ್ತು. ನಿಮ್ಮ ಅಂಗಡಿಗೇ ಕುತ್ತು ತಂದೆ."

ಮಾರನೇ ದಿನ ಯಾರೂ ಕಳಿಸಲಿಲ್ಲ.

ಇಷ್ಟು ದಿನ ಅನ್ನ ಇಳಿಯಗೊಡದ ಪ್ರಶ್ನೆಗೆ ಉತ್ತರ ಅಷ್ಟೇ ಆಗಿತ್ತು. ಕಣ್ಣಂಚಿಗೆ ಬಂದ ನೀರನ್ನು ಪುದೀನ ತಡೆಯಲಿಲ್ಲ.

"ಬಟ್ಟಲು ಎತ್ಕೊಂಡು ಬಂದ ತಪ್ಪು ನನ್ನದು. ಅದನ್ನ ನಾನು ಹೊಟ್ಟೆಗೆ ಹಾಕ್ಕೋತೀನಿ," ಎಂದಳು. "ಆದ್ರೆ ಒಂದು ಬಾಕಿ ಇದೆ. ಅವತ್ತು ಎಲ್ಲರ ಎದುರು ಹೇಳಿದ್ರಿ, ನನಗೆ ಮಾತ್ರ ಅರ್ಥ ಆಗದ ಹಾಗೆ. ಈಗ ಎಲ್ಲರ ಎದುರು ಹೇಳಿ, ನನಗೆ ಅರ್ಥ ಆಗೋ ಹಾಗೆ."

ಮೂಟೆ ಹೊತ್ತವರು ಹೊತ್ತಲ್ಲೇ ನಿಂತರು. ಲಾರಿಯ ಮೇಲಿದ್ದವನು ಕೆಳಗೆ ಬಗ್ಗಿದ.

"ಇಲ್ಲೇನಾ?" ಎಂದ ಅವನು, ಸುತ್ತ ನೋಡಿ.

"ಇಲ್ಲೇ."

"ಹೇಳಪ್ಪಾ ಬೇಗ, ಮೂಟೆ ಭಾರ ಇದೆ!" ಎಂದು ಯಾರೋ ಕೂಗಿದರು. ಎಲ್ಲರೂ ಗೊಳ್ಳೆಂದು ನಕ್ಕರು.

ಅವನು ನಗಲಿಲ್ಲ. ಒದ್ದೆ ಕೈಗಳನ್ನು ಅಂಗಿಗೆ ಒರೆಸಿಕೊಂಡು ಅವಳ ಹತ್ತಿರ ಬಂದ.

"ನೀನು ಅಂದ್ರೆ ನನಗೆ ಪ್ರಾಣ. ನೀನು ಬೈದ್ರೂ ಸರಿ, ಶಟರ್ ಹಾಕಿದ್ರೂ ಸರಿ. ನಿನ್ನ ವಿಷಯದಲ್ಲಿ ಇನ್ನು ಯಾವತ್ತೂ ಬಾಯಿ ಮುಚ್ಚಿಕೊಂಡು ಕೂರಲ್ಲ. ನನ್ನ ಮದುವೆ ಆಗ್ತೀಯಾ?"

ಪುದೀನ ಬಗ್ಗಿ, ಅವನ ಕೈಯಿಂದ ಜಾರಿದ್ದ ಲೆಟ್ಯೂಸ್ ಎತ್ತಿ ಕ್ರೇಟಿಗಿಟ್ಟಳು. ಮೋಸದ ಕಹಿ ಒಂದೇ ಮಾತಿಗೆ ಹೋಗುವಂಥದ್ದಲ್ಲ, ಅದು ಅವಳಿಗೂ ಗೊತ್ತಿತ್ತು, ಅವನಿಗೂ.

"ಅಂಗಡಿ ಉಳಿಯೋದು ಅನುಮಾನ," ಎಂದಳು ಕೊನೆಗೆ. "ಬೇಸಿಗೆ ಮುಗಿದ್ರೆ ನಾನು ಭಾವನ ಅಡುಗೆಮನೆಯಲ್ಲಿ ಮೂಟೆಗಟ್ಟಲೆ ಈರುಳ್ಳಿ ಹೆಚ್ಚುತ್ತಾ ಇರ್ತೀನೋ ಏನೋ."

"ನಾನು ಪಕ್ಕದಲ್ಲಿ ಕೂತು ಸಿಪ್ಪೆ ಸುಲಿದು ಕೊಡ್ತೀನಿ."

"ಕಣ್ಣೀರು ಬರುತ್ತೆ."

"ಬರಲಿ. ಇನ್ಮೇಲೆ ಒಬ್ಬಳ ಕಣ್ಣಲ್ಲೇ ಬರೋದು ಬೇಡ."

ಅವಳು ಸೆರಗಿನಿಂದ ಮೊದಲು ತನ್ನ ಕಣ್ಣು ಒರೆಸಿಕೊಂಡಳು. ಆಮೇಲೆ ಅವನದನ್ನು.

"ನಡಿ," ಎಂದಳು. "ದೊಡ್ಡಮ್ಮ ಒಬ್ಬರೇ ಇದಾರೆ. ನೀನು ಬಂದು ಅವರಿಗೂ ಹೇಳು."